ಅಪ್ಪನ ಹಳದಿ ಹರಳು

ಕಡಲೆ ನೆನೆದ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ದೇವರ ಮಾಲೆಗೆ ನೆನೆಹಾಕಿದ ಕಡಲೆಗೆ ಸಿಟ್ಟಾಗುವವಳು ಎಂಥ ಭಕ್ತೆ ಅಂತ ನೀವು ಕೇಳಬಹುದು. ಕೇಳಿ. ನವಗ್ರಹದ ಗುರುವಿಗೆ ಕಡಲೆ ಮಾಲೆ ಪೋಣಿಸುವವಳೂ ನಾನೇ, ಬೆರಳಿಗೆ ಸೂಜಿ ಚುಚ್ಚಿಕೊಂಡು ಗೊಣಗುವವಳೂ ನಾನೇ.

ನಮ್ಮಪ್ಪ ಚೆನ್ನೈನ ಮಣಲಿಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದರು. ಕಲ್ಲು ಕೂಡಿಡುವ ಹುಚ್ಚು. ರಜೆ ಸಿಕ್ಕರೆ ಪಲ್ಲಾವರಂ ಸಂತೆಗೆ ಹೋಗಿ, ಹಳೇ ಫ್ಯಾನು, ಮುರಿದ ಹೊಲಿಗೆ ಯಂತ್ರಗಳ ನಡುವೆ ಕುಕ್ಕರಗಾಲಲ್ಲಿ ಕೂತು ಕಲ್ಲು ಹುಡುಕುತ್ತಿದ್ದರು. ಅಲ್ಲೇ ಸಿಕ್ಕಿದ್ದು ಈ ಹಳದಿ ಫ್ಲೋರೈಟ್. ಬೂದು ಕಲ್ಲಿನ ಮೇಲೆ ನಿಂಬೆ ಗಾತ್ರದ ಒಂದೇ ಹರಳು, ಅಳತೆಪಟ್ಟಿ ಇಟ್ಟು ಕೊಯ್ದಂಥ ಚೌಕ ಮೈ, ಒಳಗೆ ಜೇನಿನ ಬಣ್ಣ.

"ಯಾರೂ ಕೊಯ್ದಿದ್ದಲ್ಲಮ್ಮ, ಭೂಮಿಯೊಳಗೆ ಹಂಗೇ ಬೆಳೆದದ್ದು," ಅಂದಿದ್ದರು. ಮದುವೆಯಾಗಿ ಹೊರಟಾಗ ತಮ್ಮನಿಗೆ ಕೊಡದೆ ನನ್ನ ಕೈಗಿಟ್ಟರು. "ಮೆತ್ತನೆ ಕಲ್ಲು. ಉಂಗುರಕ್ಕಾಗಲ್ಲ, ಬಿಸಿ ತಾಗಿಸಬೇಡ. ನೋಡೋಕೆ ಮಾತ್ರ."

ಮರುವರ್ಷ ಅಪ್ಪ ಇರಲಿಲ್ಲ.

ನಾನೇ ಪೆದ್ದಿ, ಅದನ್ನು ದೇವರ ಮನೆಯಲ್ಲಿಟ್ಟೆ. ದೇವರ ಮನೆ ಸೇರಿದ್ದು ಸೊಸೆಯದಾಗಿ ಉಳಿಯುತ್ತದೆಯೇ? ಆ ವರ್ಷ ಗುರು ಪೆಯರ್ಚಿ ಬಂತು. ಗುರು ರಾಶಿ ಬದಲಿಸುವುದನ್ನು ನಾವು ಚೆನ್ನೈಯವರು ಹಾಗೇ ಅನ್ನುವುದು. ಇವರಿಗೆ ಗುರುಬಲ ಇಲ್ಲ, ಪುಷ್ಯರಾಗದ ಉಂಗುರ ಹಾಕಲಿ ಅಂದರು ಜೋಯಿಸರು. ಅತ್ತೆಯ ಕಣ್ಣು ಸೀದಾ ನನ್ನ ಹಳದಿ ಕಲ್ಲಿನ ಮೇಲೆ ಬಿತ್ತು. ನಾನು ಹೂ ತರಲು ಹೋಗಿ ಬರುವಷ್ಟರಲ್ಲಿ ಇವರು ಅದನ್ನೆತ್ತಿಕೊಂಡು ಪ್ಯಾರೀಸ್ ಕಾರ್ನರಿಗೆ, ಹರಳು ಕೊಯ್ಯುವವನ ಹತ್ತಿರ ಹೊರಟೇ ಹೋಗಿದ್ದರು.

ಸಂಜೆ ಪೇಪರಿನ ಪೊಟ್ಟಣದಲ್ಲಿ ವಾಪಸು ಬಂತು. ಚೂರು ಚೂರು.

"ಇದು ಪುಷ್ಯರಾಗಂ ಇಲ್ಲೆ ಸಾರ್ ಅಂದ ಕಣೆ, ಪುಷ್ಯರಾಗ ಅಲ್ಲವಂತೆ," ಅಂದರು ಇವರು, ಚಪ್ಪಲಿ ಬಿಡುತ್ತ.

"ಕೊಯ್ಯೋ ಮುಂಚೆ ಅಂದನೋ, ಆಮೇಲೋ?"

ಇವರು ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿಟ್ಟರು. ಅತ್ತೆಯೇ ಅಂದರು: "ಹೋಗಲಿ ಬಿಡೇ, ಕಲ್ಲು ತಾನೇ. ನಿನ್ನ ಗಂಡನ ಕಂಟಕ ಅದರ ಮೇಲೆ ಹೋಯ್ತು ಅಂದ್ಕೋ."

ನಾನು ಒಳಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಅಷ್ಟೇ ನನ್ನ ಶೌರ್ಯ. ಅವರಿಬ್ಬರ ಮೇಲಿನ ಸಿಟ್ಟಿಗಿಂತ, ಆವತ್ತು ಬಾಯಿಬಿಡದ ನನ್ನ ಮೇಲಿನ ಸಿಟ್ಟೇ ಹೆಚ್ಚು ದಿನ ಉರಿಯಿತು.

ರಾಯರು ದೊಡ್ಡವರು. ಚೂರುಗಳ ನಡುವೆ ಒಂದು ತುಂಡು ಎಂಟು ಮೂಲೆಯನ್ನೂ ಕಳೆದುಕೊಂಡು, ಎಂಟು ಮುಖದ್ದಾಗಿ, ಗೋಡಂಬಿಯಷ್ಟು ಉಳಿದಿತ್ತು. ಸೀರೆಯ ಮಡಿಕೆಯಲ್ಲಿ ಮುಚ್ಚಿಟ್ಟೆ.

ವರ್ಷಗಳೇ ಕಳೆದವು. ಇವತ್ತು ಮತ್ತೆ ಗುರು ಪೆಯರ್ಚಿ. ನನ್ನ ಮಗಳಿಗೆ ಗಂಡು ಕೂಡಿಬರುತ್ತಿಲ್ಲ ಅಂತ ಅತ್ತೆಗೆ ಚಿಂತೆ. ಬೆಳಿಗ್ಗೆಯೇ ಶುರು: "ಆ ಚೂರು ಇಟ್ಕೊಂಡಿದೀಯಲ್ಲ, ಗುರುವಿನ ಹುಂಡಿಗೆ ಹಾಕಿ ಬಾ. ದೋಷ ಕಳೀತದೆ."

"ಹಾಕಲ್ಲ ಅತ್ತೆ."

"ದೇವರಿಗೇ ಇಲ್ಲ ಅಂತೀಯಾ?"

"ದೇವರು ಕೇಳಿಲ್ಲ. ಕೇಳಿದ್ದು ನೀವು."

ನಡುಮನೆಯಿಂದ ಮಗಳು, ಬಿಡಜ್ಜಿ ಅಂತ, ತಮಿಳಿನಲ್ಲೇ ಕೂಗಿದಳು, "ವಿಡು ಪಾಟಿ!" ಇವರು ಪೇಪರು ಇನ್ನಷ್ಟು ಮೇಲೆತ್ತಿ ಮುಖ ಮುಚ್ಚಿಕೊಂಡರು.

ಹರಳನ್ನು ಸೀರೆಯಿಂದ ತೆಗೆದು ಅಡುಗೆಮನೆಯ ಕಿಟಕಿಯಲ್ಲಿಟ್ಟಿದ್ದೇನೆ, ಒಲೆಯಿಂದ ದೂರ. ಬಿಸಿಲು ಬಿದ್ದಿದೆ. ಮಾಲೆ ಇನ್ನೂ ಅರ್ಧ ಆಗಿಲ್ಲ, ಸಿಟ್ಟೂ ಪೂರ್ತಿ ಇಳಿದಿಲ್ಲ. ನಾಲ್ಕು ಕಡಲೆ ಪೋಣಿಸುತ್ತೇನೆ, ಒಮ್ಮೆ ತಲೆಯೆತ್ತಿ ನೋಡುತ್ತೇನೆ. ಅಪ್ಪ ಕೊಟ್ಟದ್ದು ಅದಕ್ಕೇ ತಾನೇ.