ಎರಡು ಬೆರಳಿನ ಡಾಕ್ಟರಮ್ಮ ಮತ್ತು ನನ್ನ ಜೋಕು

ನಾಲ್ಕು ವರ್ಷದ ಹಿಂದೆ ಇದೇ ಅಂಕಣದಲ್ಲಿ ಜಯನಗರದ ಡಾಕ್ಟರಮ್ಮ ಒಬ್ಬರ ಬಗ್ಗೆ ಬರೆದಿದ್ದೆ. ಪೇಷಂಟನ್ನು ಎದುರು ಕೂರಿಸಿಕೊಂಡು, ಕಣ್ಣ ಮುಂದೆ ಎರಡು ಬೆರಳು ಅತ್ತಿತ್ತ ಆಡಿಸಿ, ಇದೇ ಟ್ರೀಟ್‌ಮೆಂಟು ಅನ್ನುತ್ತಾರೆ ಎಂದು. ಅದಕ್ಕೆ ಟಿವಿಯಲ್ಲಿ ಟೆನಿಸ್ ಮ್ಯಾಚ್ ನೋಡಿದರೆ ಸಾಲದೇ ಎಂದು ಕೇಳಿದ್ದೆ. ನೀವು ಬಿದ್ದು ಬಿದ್ದು ನಕ್ಕಿರಿ. ಕಾಗದಗಳು ಬಂದವು. ನಾನು ಉಬ್ಬಿಹೋದೆ.

ಹೇಳದೆ ಬಿಟ್ಟದ್ದು ಇಷ್ಟು. ಆ ಡಾಕ್ಟರ ಹತ್ತಿರ ಹೋಗುತ್ತಿದ್ದವರು ನಮ್ಮ ಬಿಟಿಎಂ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಗದಗದ ಹೆಣ್ಣುಮಗಳು. ಸಿಲ್ಕ್ ಬೋರ್ಡ್ ಹತ್ತಿರ ಲಾರಿಯೊಂದು ಇವರ ಸ್ಕೂಟರಿಗೆ ಗುದ್ದಿ, ಹಿಂದೆ ಕೂತಿದ್ದ ತಂಗಿ ಅಲ್ಲೇ ಹೋಗಿಬಿಟ್ಟಳು. ಅಂದಿನಿಂದ ಇವರು ಬಸ್ಸು, ಆಟೋ ಯಾವುದನ್ನೂ ಹತ್ತುತ್ತಿರಲಿಲ್ಲ. ಬೀದಿಯಲ್ಲಿ ಬ್ರೇಕ್ ಕಿರುಚಿದರೆ ಇದ್ದಲ್ಲೇ ಕುಸಿದು ಕೂರುತ್ತಿದ್ದರು.

ನಮ್ಮಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿದರು. (ಆಗ ನನಗೆ ಯಾವ ಜೋಕೂ ಹೊಳೆಯಲಿಲ್ಲ, ನೋಡಿ.) ಕೊನೆಗೆ ಅವರ ಆಫೀಸಿನ ಗೆಳತಿಯೊಬ್ಬಳು ಆ ಡಾಕ್ಟರ ಅಡ್ರೆಸ್ ಕೊಟ್ಟಳು. ನಾಲ್ಕೈದು ಸಲ ನಡೆದೇ ಹೋದರು. ಅಲ್ಲಿ ಏನು ಮಾಡುತ್ತಾರೆ ಎಂದು ಮೆಟ್ಟಿಲ ಮೇಲೆ ನಿಂತು ನನಗೆ ಹೇಳಿದ್ದೂ ಅವರೇ. ನಂಬಿ ಹೇಳಿದ್ದರು. ನಾನು ಈ ವಾರದ ಸರಕು ಸಿಕ್ಕಿತು ಅಂದುಕೊಂಡೆ.

ಅಂಕಣ ಬಂದ ಮೇಲೆ ಅವರು ಆ ಡಾಕ್ಟರ ಹತ್ತಿರ ಹೋಗುವುದು ನಿಂತಿತು. ಕೆಲವು ತಿಂಗಳಲ್ಲಿ ಮನೆಯನ್ನೂ ಬದಲಾಯಿಸಿದರು. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ನನಗೆ ಬರಲಿಲ್ಲ.

ಎಷ್ಟೋ ದಿನದ ಮೇಲೆ ಸೈಬರ್ ಕೆಫೆಯಲ್ಲಿ ಕೂತು ಆ ಬೆರಳಾಡಿಸುವ ಟ್ರೀಟ್‌ಮೆಂಟಿನ ಬಗ್ಗೆ ಓದಿದೆ. ಕೆಲವು ಆಘಾತಗಳು ಹಳೆಯದಾಗುವುದೇ ಇಲ್ಲವಂತೆ. ನೆನೆದಾಗಲೆಲ್ಲ ಈಗಲೇ ನಡೆಯುತ್ತಿದೆ ಎಂಬಂತೆ ಮೈ ನಡುಗುತ್ತದಂತೆ. ಅದನ್ನೇ ನೆನೆಯುತ್ತ ಕಣ್ಣು ಬೆರಳನ್ನು ಹಿಂಬಾಲಿಸಿದರೆ, ಸ್ವಲ್ಪ ಸ್ವಲ್ಪವಾಗಿ ಅದರ ಮೊನೆ ಮೊಂಡಾಗುತ್ತದಂತೆ. ನಡೆದದ್ದು ಮರೆತುಹೋಗುವುದಿಲ್ಲ, ಮುಗಿದುಹೋದದ್ದು ಅನ್ನಿಸತೊಡಗುತ್ತದೆ. ಯಾಕೆ ಹೀಗಾಗುತ್ತದೆ ಎಂಬುದು ಡಾಕ್ಟರುಗಳಿಗೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲ ಎಂದು ಸುಮ್ಮನಿರುವ ವಿನಯ ನನಗಿರಲಿಲ್ಲ, ಅಷ್ಟೆ.

ಮೊನ್ನೆ ಜಯನಗರ ಫೋರ್ತ್ ಬ್ಲಾಕ್ ಬಸ್ ಸ್ಟ್ಯಾಂಡ್ ಪಕ್ಕ ಆ ಗದಗದ ಹೆಣ್ಣುಮಗಳು ಸಿಕ್ಕರು. ಕೈಯಲ್ಲಿ ತರಕಾರಿ ಚೀಲ, ಮೇಲೆ ಬಿರುಬಿಸಿಲು. ಮನೆ ಈಗ ಮಡಿವಾಳದಲ್ಲಂತೆ. ಅಷ್ಟು ದೂರ ನಡೆದುಕೊಂಡೇ ಹೋಗುತ್ತೀರಾ? ಹೌದಂತೆ. ಡಾಕ್ಟರ ಹತ್ತಿರ ಹೋಗುವುದನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. ಕೇಳಬಾರದಿತ್ತು.

"ಆರಾಮ ಆಗಾಕತ್ತಿತ್ರೀ ಸರ. ಒಂದ್ಸಲ ಆಟೋದಾಗ ಕುಂತೂ ಬಂದಿದ್ದೆ. ಆಮ್ಯಾಲೆ ನಿಮ್ಮದು ಪೇಪರ್‌ನಾಗ ಬಂತು. ಆಫೀಸಿನಾಗ ಎಲ್ಲಾರೂ ಓದಿ ನಗಾಕತ್ತಿದ್ರು."

ಮತ್ತೆ ಹೋಗೋಣ, ನಾನೂ ಜೊತೆಗೆ ಬರುತ್ತೇನೆ ಎಂದೆ. ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು.

"ಬ್ಯಾಡ್ರಿ. ಅಲ್ಲಿ ಕುಂತ್ರ ಈಗ ಆಫೀಸಿನವರ ನಗೀನ ಕೇಳಿಸ್ತದ."

ಇದನ್ನು ಬರೆಯಲೇ ಎಂದು ಕೇಳಿದೆ. (ಈ ಸಲವಾದರೂ ಕೇಳಿದೆ.) ಬರೆಯಿರಿ, ಅಂಥ ಡಾಕ್ಟರ ಹತ್ತಿರ ಹೋಗುತ್ತಿರುವವರು ಯಾರಾದರೂ ಇದ್ದರೆ ನಡುವೆ ಬಿಡಬೇಡಿ ಅಂತ ಬರೆಯಿರಿ ಎಂದರು. ನನ್ನನ್ನು ಕ್ಷಮಿಸಿ ಎಂದೆ. ಆಯಿತು ಬಿಡಿ ಎಂದು ಕ್ಷಮಿಸಿಯೂ ಬಿಟ್ಟರು.

ನನಗೆ ಕ್ಷಮೆಯೇನೋ ಸಿಕ್ಕಿತು, ಅವರು ಬಸ್ಸು ಹತ್ತಿದರೇ?