ಮಾಧ್ಯಮ ಬದಲಾದರೆ ಆವೃತ್ತಿ

ಆ ಸರ್ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಬೇಡ.

ಮುಂಬೈ ಹತ್ತಿರದ ಡೊಂಬಿವಲಿ ಸ್ಟೇಷನ್ ಪಕ್ಕದಲ್ಲಿ ಅವರ ಟ್ಯೂಷನ್ ಕ್ಲಾಸು. ಹನ್ನೊಂದನೇ ತರಗತಿಯಲ್ಲೇ ಹನ್ನೆರಡರ ಪಾಠ ಮುಗಿಸಿಬಿಡುವ ಕ್ಲಾಸು. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಹತ್ತರವರೆಗೆ ಶಾಲೆಯಲ್ಲಿ ಕನ್ನಡ ಎಂದು ಬೆಳೆದ ನನ್ನ ತಲೆ ಮೇಲೆ ಇಂಗ್ಲಿಷ್ ಒಮ್ಮೆಲೇ ಬಿದ್ದದ್ದು ಆ ವರ್ಷ. ವಿದ್ಯುತ್ಕಾಂತೀಯ ತರಂಗಗಳ ಪಾಠದ ದಿನ ಸರ್ ರೇಡಿಯೋದಿಂದ ಗಾಮಾವರೆಗೆ ಏಳು ಹೆಸರು ಬೋರ್ಡಿನ ಮೇಲೆ ಬರೆದು, ಮೊದಲಕ್ಷರ ಬಾಯಿಪಾಠ ಮಾಡಿ ಎಂದರು. ವೇಗ ಅಂದರೆ ಆವೃತ್ತಿ ಗುಣಿಸು ತರಂಗದೂರ, ಸುತ್ತ ಚೌಕ ಹಾಕಿ, ಮಾರ್ಕ್ಸು ತಗೊಳ್ಳಿ. ಯಾಕೆ, ಹೇಗೆ ಎಂಬುದು ಪರೀಕ್ಷೆಗೆ ಬರುವುದಿಲ್ಲವಂತೆ.

ನಾನು ಎದ್ದು ನಿಂತೆ. ಒಂದು ಸೆಕೆಂಡಿಗೆ ಎಷ್ಟು ಅಲೆ ಹಾದುಹೋಗುತ್ತವೋ ಅದಕ್ಕೆ ನಮ್ಮ ಕನ್ನಡ ಪುಸ್ತಕದಲ್ಲಿ ಆವೃತ್ತಿ ಅನ್ನುತ್ತಿದ್ದರು. ಗಾಳಿಯಿಂದ ನೀರಿಗೆ ಹೋದಾಗ ಬೆಳಕಿಗೆ ಏನಾಗುತ್ತದೆ ಎಂದು ತಿಳಿಯಬೇಕಿತ್ತು. ಇಂಗ್ಲಿಷ್ ಬಾಯಿಗೆ ಬರಲಿಲ್ಲ, ಮರಾಠಿಯಲ್ಲಿ ಕೇಳಿದೆ: ಸರ್, ಮಾಧ್ಯಮ ಬದಲಾದರೆ ಆವೃತ್ತಿ ಬದಲಾಗುತ್ತದಾ?

ಮರಾಠಿಯಲ್ಲಿ ಆವೃತ್ತಿ ಅಂದರೆ ಪುಸ್ತಕದ ಮುದ್ರಣ ಮಾತ್ರ. ಸರ್ ಮೇಜಿನ ಮೇಲಿದ್ದ ಗೈಡ್ ಎತ್ತಿ ತೋರಿಸಿ, ಹೌದು, ಮರಾಠಿ ಮಾಧ್ಯಮಕ್ಕೆ ಬೇರೆ ಆವೃತ್ತಿ, ನೀನು ಇದನ್ನೇ ತಗೋ ಅಂದರು. ಅಲ್ಲ ಸರ್, ಬೆಳಕಿನ ಆವೃತ್ತಿ ಅಂದೆ. ಇಡೀ ಕ್ಲಾಸು ಬೆಂಚು ಬಡಿದು ನಕ್ಕಿತು. ಅವರೂ ನಕ್ಕರು. ಮರುದಿನದಿಂದ ನನ್ನ ಹೆಸರು 'ಸೆಕೆಂಡ್ ಎಡಿಷನ್'.

ಉತ್ತರ ಒಂದೇ ಸಾಲು: ವೇಗ ತಗ್ಗುತ್ತದೆ, ತರಂಗದೂರ ಕುಗ್ಗುತ್ತದೆ, ಆವೃತ್ತಿ ಹಾಗೇ ಇರುತ್ತದೆ. ಅಷ್ಟು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಬದಲಿಗೆ ಅಪ್ಪನಿಗೆ ಫೋನ್ ಮಾಡಿದರು. ಕನ್ನಡ ಮೀಡಿಯಮ್ಮಿನವರಿಗೆ ಇದು ಆಗುವಂಥದ್ದಲ್ಲ, ಈಗಲೇ ಕಾಮರ್ಸಿಗೆ ಹಾಕಿ ಎಂದರು. ಕಳಂಬೋಲಿಯ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದ ಅಪ್ಪನಿಗೆ ಮಾಸ್ಟ್ರ ಮಾತೆಂದರೆ ದೇವರ ಮಾತು. ಫೋನಿಗೇ ಕೈಮುಗಿದರು.

ಅದೇ ವಾರ ಹೋಟೆಲಿನವರು ಬಿಸಾಡಲು ಹೊರಟ ಮೈಕ್ರೋವೇವ್ ಒಂದನ್ನು ಅಪ್ಪ ಮನೆಗೆ ತಂದಿದ್ದರು. ಒಳಗಿನ ತಟ್ಟೆ ತಿರುಗುತ್ತಿರಲಿಲ್ಲ. ಸಾಂಬಾರು ಒಂದು ಕಡೆ ಕುದಿದರೆ ಇನ್ನೊಂದು ಕಡೆ ತಣ್ಣಗೆ. ಎಂತ ದರಿದ್ರ ಪೆಟ್ಟಿಗೆಯೋ ಎಂದು ಅಮ್ಮ ಬೈಯುತ್ತಿದ್ದರು. ಬೈಗುಳ ಕೇಳುತ್ತಾ ಕೇಳುತ್ತಾ ನನಗೆ ಹೊಳೆಯಿತು. ಅಲೆಗಳು ಗೋಡೆಗೆ ಬಡಿದು ಹಿಂದೆ ಬಂದು, ಎದುರು ಬರುವ ಅಲೆಗಳ ಜೊತೆ ಸೇರಿ ಅಲ್ಲಲ್ಲೇ ನಿಲ್ಲುತ್ತಿವೆ. ಅಲೆ ಜೋರಾಗಿ ಅಲುಗುವ ಕಡೆ ಬಿಸಿ, ನಡುವೆ ತಣ್ಣಗೆ.

ಒಂದು ಉದ್ದಿನ ಹಪ್ಪಳ ಇಟ್ಟೆ. ಎರಡು ಕಡೆ ಬೊಬ್ಬೆ ಎದ್ದಿತು, ಉಳಿದದ್ದು ಹಸಿ. ಸ್ಕೇಲ್ ಇಟ್ಟು ಅಳೆದರೆ ನಡುವೆ ಆರು ಸೆಂಟಿಮೀಟರ್. ಅದು ಅರ್ಧ ಅಲೆ, ಪೂರ್ತಿ ಅಲೆ ಹನ್ನೆರಡು. ಆವೃತ್ತಿ ಪೆಟ್ಟಿಗೆಯ ಬೆನ್ನಿನ ಮೇಲೇ ಬರೆದಿತ್ತು, ಸೆಕೆಂಡಿಗೆ ಇನ್ನೂರ ನಲವತ್ತೈದು ಕೋಟಿ. ಗುಣಿಸಿದೆ. ಸೆಕೆಂಡಿಗೆ ಎರಡು ಲಕ್ಷ ತೊಂಬತ್ತನಾಲ್ಕು ಸಾವಿರ ಕಿಲೋಮೀಟರ್. ಬೆಳಕಿನ ವೇಗ, ಹೆಚ್ಚುಕಮ್ಮಿ ಅಷ್ಟೇ, ನಮ್ಮ ಅಡುಗೆಮನೆಯಲ್ಲಿ ಸಿಕ್ಕಿತ್ತು. ಮತ್ತೊಮ್ಮೆ ಗುಣಿಸಿ ನೋಡಿದೆ.

ಭಾನುವಾರ ಕ್ಲಾಸಿನಿಂದ ನನ್ನ ಹೆಸರು ತೆಗೆಸಲು ಅಪ್ಪ ಹೊರಟರು. ಹಪ್ಪಳವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ನಾನೂ ಹೋದೆ. ದಾರಿಯಿಡೀ ಅಪ್ಪನಿಗೆ ವಿವರಿಸಿದೆ. ಅವರು ಒಮ್ಮೆ ಡಬ್ಬಿ ತೆರೆಸಿ ಹಪ್ಪಳ ನೋಡಿದರು. ಸರ್ ಎದುರು ಡಬ್ಬಿ ತೆರೆದು, ಅರೆಬರೆ ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಇದು ಎಷ್ಟು ಮಾರ್ಕ್ಸಿಗೆ ಬರುತ್ತದೆ ಎಂದು ಕೇಳಿದರು ಆ ಮನುಷ್ಯ. ಆಮೇಲೆ ಬೊಬ್ಬೆ ಎದ್ದ ಕಡೆಯೇ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು, ಹುಡುಗಿ ಹಪ್ಪಳ ಚೆನ್ನಾಗಿ ಸುಡುತ್ತಾಳೆ ಎಂದು ಅಪ್ಪನ ಕಡೆ ನೋಡಿ ನಕ್ಕರು.

ಅಪ್ಪ ನಗಲಿಲ್ಲ. ಮೂವತ್ತು ವರ್ಷ ಹೋಟೆಲಿನಲ್ಲಿ ನಿಂತು, ಬಂದವರಿಗೆಲ್ಲ ತಿನ್ನಿ, ಇನ್ನೂ ಸ್ವಲ್ಪ ಹಾಕಿಸಿಕೊಳ್ಳಿ ಎಂದೇ ಹೇಳಿದ ಮನುಷ್ಯ. ಸರ್ ಇನ್ನೊಂದು ಚೂರಿಗೆ ಕೈ ಹಾಕುವಾಗ ಅಪ್ಪ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

"ತಿನ್ನಬೇಡಿ ಸರ್," ಎಂದರು. "ಅದು ನನ್ನ ಮಗಳು ಮಾಡಿದ ಲೆಕ್ಕ."

ಮುಚ್ಚಳ ಹಾಕಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಕ್ಲಾಸಿನಿಂದ ಹೆಸರು ತೆಗೆಸಿದರು, ಸೈನ್ಸಿನಿಂದ ತೆಗೆಸಲಿಲ್ಲ.