ನಿಂತವೋ, ಸಡಿಲಾದವೋ

ಇಂಗ್ಲಿಷಿನವರಿಗೆ ಒಂದು ಕೆಲಸಕ್ಕೆ ಒಂದೇ ಮಾತು ಸಾಲುವುದಿಲ್ಲ ಎಂದು ನನಗೆ ತಿಳಿದದ್ದು ಸೇಡಂನ ನಮ್ಮ ಅಡುಗೆಮನೆಯಲ್ಲಿ. ಅಪ್ಪ ಸಾಲಿ ಮಾಸ್ತರ. ಗಂಡುಹುಡುಗರಿಗೆ ಶಾಲೆಯಲ್ಲಿ ಕಲಿಸಿದ್ದನ್ನು ಸಂಜೆ ನನಗೂ ಹೇಳುತ್ತಿದ್ದರು. “ಕಣ್ಣಿಗಿ ತಾನಾಗೇ ಬಿದ್ದದ್ದು ಸೀ. ನೀ ಬೇಕಂತ ಕಣ್ಣು ಹಾಕಿದ್ದು ಲುಕ್. ಒಲಿ ಮ್ಯಾಲಿನ ಹಾಲಿಗಿ ನಿಮ್ಮವ್ವ ಮಾಡಾಕತ್ತಾಳಲ್ಲ, ಅದು ವಾಚ್,” ಅಂದಾಗ ನಾನು ಬಾಯಿ ತೆರೆದುಕೊಂಡು ಕೂತುಬಿಟ್ಟಿದ್ದೆ. ನೋಡುವುದರಲ್ಲೂ ಇಷ್ಟು ಬಗೆ ಇದೆಯೇ! ಅವತ್ತಿನಿಂದ ನನಗೆ ಅದೊಂದು ಹುಚ್ಚೇ ಹಿಡಿಯಿತು.

ಮದುವೆಯಾಗಿ ಚಿತ್ತಾಪುರಕ್ಕೆ ಹೋದರೆ, ಅಲ್ಲಿ ಅತ್ತೆಗೆ ಬೇರೆಯೇ ಹುಚ್ಚು. ಅಪಶಕುನದ ಮಾತು ಆಕೆಯ ಬಾಯಿಂದ ಹೊರಡುವಂತಿಲ್ಲ. ಬಳೆ ಒಡೆದರೆ ‘ಹೆಚ್ಚ್ಯಾವ’, ಜೋಳ ತೀರಿದರೆ ‘ತುಂಬ್ಯಾವ’, ದೀಪ ಆರಿಸಬೇಕಾದರೆ ‘ದೊಡ್ಡದು ಮಾಡು’. ಹಳೆಯ ಹೆಂಗಸರೆಲ್ಲ ಹೀಗೇ ಆಡುತ್ತಿದ್ದರು, ಆದರೆ ಈಕೆಯದು ಅತಿ. ‘ನಿಂತಾವ’, ‘ಮುಗದಾವ’ ಎಂದು ನಾನಂದರೂ ಬಿಡುತ್ತಿರಲಿಲ್ಲ. “ಏನ ಇಂಗ್ಲಿಷ್ ಕಲ್ತೀಯೋ ಏನೋ, ಮಾತಾಡ್ಲಿಕ್ಕೇ ಬರಂಗಿಲ್ಲ ನಿನಗ,” ಎಂದು ಬೈಯುತ್ತಿದ್ದಳು.

ನಾದಿನಿಯ ಚೊಚ್ಚಲ ಹೆರಿಗೆ ಕಷ್ಟಕ್ಕೆ ಬಂತು. ಸೂಲಗಿತ್ತಿ ಕೈಚೆಲ್ಲಿದಳು. ರೈಲು ಹತ್ತಿಸಿ ವಾಡಿಯ ದವಾಖಾನೆಗೆ ಕರೆದೊಯ್ದೆವು. ಅಲ್ಲಿದ್ದ ಇಂಗ್ಲಿಷ್ ಡಾಕ್ಟರಮ್ಮ ಈ ಸೀಮೆಗೆ ಹೊಸಬಳು, ನಮ್ಮ ಮಾತು ಒಂದೂ ಬಾರದು. ಗಂಡಸರು ಒಳಗೆ ಬರುವಂತಿಲ್ಲ. ನಡುವೆ ಮಾತು ದಾಟಿಸಲು ಇದ್ದವಳು ನಾನೊಬ್ಬಳೇ.

ನೋವು ಹೇಗಿದೆ ಎಂದು ಡಾಕ್ಟರಮ್ಮ ಕೇಳಿದಳು. “ಬ್ಯಾನಿ ಹೆಚ್ಚ್ಯಾವ,” ಅಂದಳು ಅತ್ತೆ. ನಾದಿನಿ ನೋಡಿದರೆ ಮಿಸುಕದೆ ಮಲಗಿದ್ದಾಳೆ. ಅತ್ತೆಯ ಮಾತಿನ ಚಾಳಿ ನನಗೆ ಗೊತ್ತಲ್ಲ, ‘ಸ್ಟಾಪ್’ ಆಗಿವೆ ಎಂದು ಹೇಳಿಬಿಟ್ಟೆ. ಡಾಕ್ಟರಮ್ಮನ ಮುಖ ಬಿಗಿಯಿತು. ಚಾಕು ಕತ್ತರಿ ಕುದಿಸಲು ನರ್ಸಿಗೆ ಹೇಳಿ, ನನ್ನ ಹೆಗಲು ಹಿಡಿದು ಮತ್ತೆ ಕೇಳಿದಳು: ಸ್ಟಾಪ್ ಆದವೋ, ಸ್ಲ್ಯಾಕನ್ ಆದವೋ? ಒಮ್ಮೆಲೇ ನಿಂತಿದ್ದರೆ ಒಳಗೆ ಗರ್ಭಕೋಶ ಹರಿದಿರಬಹುದು, ಈಗಿಂದೀಗಲೇ ಹೊಟ್ಟೆ ಕೊಯ್ಯಬೇಕು, ಆದರೂ ತಾಯಿ ಉಳಿಯುವುದು ಕಷ್ಟ. ಹಗ್ಗ ಸಡಿಲಾದಂತೆ ಮೆಲ್ಲಗೆ ಇಳಿದಿದ್ದರೆ ಮೈ ದಣಿದಿದೆ, ಅಷ್ಟೆ; ಮಲಗಿಸಿ ಕಾಯಬಹುದು, ಎಂದಳು. ಅಬ್ಬಬ್ಬಾ, ಅಪ್ಪನ ಬಾಯಲ್ಲಿ ಆಟವಾಗಿದ್ದ ಇಂಥ ಮಾತುಗಳ ನಡುವೆ ಒಂದು ಜೀವ ಕೂತಿದೆಯಲ್ಲ! ನನಗೋ ಏನೂ ಗೊತ್ತಿಲ್ಲ. ಇನ್ನೂ ಹೆರದವಳು ಎಂದು ಮನೆಯಲ್ಲಿ ನನ್ನನ್ನು ಹೆರಿಗೆಯ ಕೋಣೆಗೇ ಬಿಟ್ಟಿರಲಿಲ್ಲ.

“ಅತ್ತಿ, ಒಮ್ಮಿಗೇ ನಿಂತ್ವೇನ್ರಿ, ಸಣ್ಣಾಗ್ಕೋತ ಬಂದ್ವೇನ್ರಿ?”

“ಹೆಚ್ಚ್ಯಾವ ಅಂದೆನಲ್ಲ!”

ನನ್ನ ಪಿತ್ತ ನೆತ್ತಿಗೇರಿತು. “ನಿಮ್ಮ ಶಾಸ್ತ್ರಕ್ಕ ಬೆಂಕಿ ಹಚ್ಚರಿ! ಮಗಳ ಹೊಟ್ಟಿ ಕೊಯ್ಲಿಕತ್ತಾರ. ಹೇಳ್ತೀರೋ ಇಲ್ಲೋ?”

ಬೇರೆ ದಿನವಾಗಿದ್ದರೆ ನನ್ನನ್ನು ತವರಿಗೆ ಅಟ್ಟುತ್ತಿದ್ದಳು. ಆಗ ಮಗಳ ಮುಖವನ್ನೊಮ್ಮೆ ನೋಡಿದಳು. “ಮುಂಜಾನಿ ಭಾಳ ಜೋರಿದ್ವು. ಆಮ್ಯಾಗ ಸಣ್ಣಾದ್ವು. ತಡಾ ಮಾಡಿ ತಡಾ ಮಾಡಿ ಬರ್ಲಿಕತ್ವು. ಆಮ್ಯಾಗ…” ಮಗಳ ಕೈ ಹಿಡಿದುಕೊಂಡಳು. “ನಿಂತಾವ ಯವ್ವಾ. ನಿಂತೇ ಬಿಟ್ಟಾವ.”

ಅಂದದ್ದೇ ತಡ, ಅಂಗೈಯಿಂದ ಬಾಯಿ ಒತ್ತಿ ಹಿಡಿದುಕೊಂಡಳು. ನಾನು ಡಾಕ್ಟರಮ್ಮನಿಗೆ ‘ಸ್ಲ್ಯಾಕನ್’ ಎಂದು ಹೇಳಿ, ಒಮ್ಮೆಲೇ ಅಲ್ಲ, ಮೆಲ್ಲಗೆ ಇಳಿಯುತ್ತ ಬಂದು ನಿಂತದ್ದು ಎಂದು ಬಿಡಿಸಿ ತಿಳಿಸಿದೆ. ಆಕೆ ಹೊಟ್ಟೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ನೋಡಿ, ಚಾಕು ಒಳಗಿಡಲು ಹೇಳಿದಳು. ನಾದಿನಿಗೆ ಬಿಸಿ ಚಹಾ ಕುಡಿಸಿ ಮಲಗಿಸಿದರು.

ಆ ಮಾತು ಆಡಿದರೆ ಮಗಳು ಸಾಯುತ್ತಾಳೆ ಎಂದು ಅತ್ತೆ ಮನಸಾರೆ ನಂಬಿದ್ದಳು. ಆದರೂ ಮಗಳಿಗಾಗಿ ಆಡಿದಳು. ಇಂದಿಗೂ ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ಇಳಿಹೊತ್ತಿಗೆ ಬ್ಯಾನಿ ತಿರುಗಿ ಬಂದವು. ನಮ್ಮಿಬ್ಬರನ್ನೂ ಹೊರಗೆ ಕೂರಿಸಿದರು. ಅತ್ತೆ ಬಾಯಿ ಮೇಲಿನ ಕೈ ತೆಗೆದಿರಲೇ ಇಲ್ಲ. ನೀರು ಕೊಟ್ಟರೆ ತಲೆ ಅಲ್ಲಾಡಿಸಿದಳು. ಒಳಗೆ ಕೂಸು ಕಿರಿಚಿತು. ಹಿಂದೆಯೇ, “ಅವ್ವಾ,” ಎಂದು ನಾದಿನಿ ಕರೆದದ್ದು ಕೇಳಿಸಿತು. ಆಗ ಅತ್ತೆ ಕೈ ಇಳಿಸಿದಳು. ಬಾಯಿಯ ಸುತ್ತ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು.